ರೋಗನಿರೋಧಕ ವ್ಯವಸ್ಥೆಯ ಸಿದ್ಧಾಂತಗಳಿಗೊಂದು ಭಾನುವಾರದ ತರಗತಿ: ಸರಸ್ವತಿಪುರಂನಿಂದ ಒಂದು ವಿಮರ್ಶೆ

ಮೈಸೂರಿನ ಸರಸ್ವತಿಪುರಂನಲ್ಲಿ ನೀಟ್ ತರಬೇತಿ ಕೇಂದ್ರವೊಂದರ ಮೇಲ್ಮಹಡಿಯನ್ನು ಭಾನುವಾರದ ಮಧ್ಯಾಹ್ನಗಳಿಗೆ ಬಾಡಿಗೆಗೆ ಹಿಡಿದು, ನಿವೃತ್ತ ಪ್ರಾಣಿಶಾಸ್ತ್ರ ಪ್ರಾಧ್ಯಾಪಕರೊಬ್ಬರೂ ಗಣಿತದ ಕಿರಿಯ ಅಧ್ಯಾಪಕಿಯೊಬ್ಬರೂ ಸೇರಿ ಒಂದು ಸಾರ್ವಜನಿಕ ತರಗತಿ ನಡೆಸುತ್ತಿದ್ದಾರೆ. ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆಗೆ ಕಳೆದ ನೂರ ನಲವತ್ತು ವರ್ಷಗಳಲ್ಲಿ ವಿಜ್ಞಾನಿಗಳು ಕಟ್ಟಿದ, ಕೆಡವಿದ, ಮತ್ತೆ ಕಟ್ಟಿದ ಸಿದ್ಧಾಂತಗಳೇ ಅದರ ವಿಷಯ. ಪಾಠವೆಲ್ಲ ಕನ್ನಡದಲ್ಲಿ. ಶುಲ್ಕ 1,800 ರೂಪಾಯಿ, ವಿದ್ಯಾರ್ಥಿಗಳಿಗೆ ಅದರ ಅರ್ಧ. ಪರೀಕ್ಷೆಯಿಲ್ಲ, ಪ್ರಮಾಣಪತ್ರವೂ ಇಲ್ಲ. ಕೆಳಗೆ ರಸ್ತೆಯ ಬದಿಗೆ ಕಟ್ಟಿದ ಬ್ಯಾನರಿನಲ್ಲಿ ‘ಇಮ್ಯೂನಿಟಿ’ ಎಂಬ ಪದವನ್ನು ದಪ್ಪಕ್ಷರದಲ್ಲಿ ಮುದ್ರಿಸಿದ್ದರಿಂದ, ಕಷಾಯದ ಪುಡಿಯ ಮಾರಾಟವಿರಬೇಕೆಂದು ಮೆಟ್ಟಿಲು ಹತ್ತಿ ಬಂದ ಒಬ್ಬಿಬ್ಬರು ಹಿರಿಯರು ಮೊದಲ ದಿನ ಅರ್ಧ ಗಂಟೆ ಕುಳಿತು ಎದ್ದುಹೋದರು. ಉಳಿದವರಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳು, ಔಷಧ ಅಂಗಡಿಯವರು, ಬ್ಯಾಂಕಿನಿಂದ ನಿವೃತ್ತರಾದವರು, ಮಂಡ್ಯದಿಂದ ರೈಲಿನಲ್ಲಿ ಬರುತ್ತಿದ್ದ ಒಬ್ಬ ಪಶುವೈದ್ಯರು ಇದ್ದರು. ಹಣ ಕೊಟ್ಟು ಪೂರ್ತಿ ಕುಳಿತು ಕೇಳಿದವನಾಗಿ, ಮುಂದಿನ ತಂಡಕ್ಕೆ ಸೇರಬೇಕೆಂದಿರುವವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಈ ತರಗತಿಯ ನಿಜವಾದ ಬಂಡವಾಳ ಅದರ ಕ್ರಮ. ಪ್ರಾಧ್ಯಾಪಕರು ಮೊದಲ ದಿನವೇ ಕಪ್ಪುಹಲಗೆಯ ಎಡಬದಿಯಲ್ಲಿ ಮೂರು ಪ್ರಶ್ನೆಗಳನ್ನು ಬರೆದು, ಕೊನೆಯವರೆಗೂ ಅವನ್ನು ಅಳಿಸಲು ಬಿಡಲಿಲ್ಲ. ಹಿಂದೆಂದೂ ಕಾಣದ ವಸ್ತುವನ್ನೂ ಗುರುತಿಸಬಲ್ಲ ಅಷ್ಟೊಂದು ಬಗೆಯ ಪ್ರತಿಕಾಯಗಳು (ಹೊರವಸ್ತುವಿಗೆ ಅಂಟಿಕೊಳ್ಳುವ ರಕ್ತದ ಪ್ರೋಟೀನುಗಳು) ಎಲ್ಲಿಂದ ಬರುತ್ತವೆ, ಅವು ನಮ್ಮದೇ ದೇಹದ ಮೇಲೆ ಸಾಮಾನ್ಯವಾಗಿ ಏಕೆ ಎರಗುವುದಿಲ್ಲ, ಒಮ್ಮೆ ಬಂದುಹೋದ ರೋಗದ ನೆನಪು ವರ್ಷಗಟ್ಟಲೆ ಹೇಗೆ ಉಳಿಯುತ್ತದೆ ಎಂಬುವೇ ಆ ಮೂರು. ಪ್ರತಿಯೊಂದು ಸಿದ್ಧಾಂತವನ್ನೂ ಈ ಪ್ರಶ್ನೆಗಳ ಎದುರಿಗೆ ನಿಲ್ಲಿಸಿ, ಅದು ಯಾವುದಕ್ಕೆ ಉತ್ತರಿಸುತ್ತದೆ ಎಂಬುದಕ್ಕೂ ಮೊದಲು, ಪ್ರಯೋಗಶಾಲೆಯಲ್ಲಿ ಏನು ಕಂಡುಬಂದರೆ ಅದು ಸುಳ್ಳಾಗಿಬಿಡುತ್ತದೆ ಎಂದು ಅವರು ಕೇಳುತ್ತಿದ್ದರು. ಏನು ಕಂಡರೆ ಸುಳ್ಳಾಗುತ್ತದೆ ಎಂಬ ಈ ಕೇಳ್ವಿಯೇ ತರಗತಿಯ ಮಾನದಂಡ. ಅದನ್ನು ಬಿಗಿಯಾಗಿ ಹಿಡಿದಲ್ಲೆಲ್ಲ ಪಾಠ ಅಮೋಘವಾಗಿತ್ತು, ಅದು ಕೈಜಾರಿದಲ್ಲಿ ಪಾಠವೂ ಸಡಿಲಗೊಂಡಿತು.

ಪೀಠಿಕೆಗೆ ಅವರು ಆರಿಸಿಕೊಂಡದ್ದು ಮೈಸೂರಿನದೇ ಒಂದು ಚಿತ್ರವನ್ನು. ಎಡ್ವರ್ಡ್ ಜೆನ್ನರ್ 1796ರಲ್ಲಿ ಗೋವಿನ ಸಿಡುಬಿನ ಕೀವಿನಿಂದ ಸಿಡುಬನ್ನು ತಡೆಯಬಹುದೆಂದು ತೋರಿಸಿದ ಕೆಲವೇ ವರ್ಷಗಳಲ್ಲಿ ಆ ಲಸಿಕೆ ಇಲ್ಲಿಗೂ ಬಂದಿತ್ತು. ಐರಿಷ್ ಚಿತ್ರಕಾರ ಥಾಮಸ್ ಹಿಕಿ 1805ರ ಸುಮಾರಿಗೆ ಬಿಡಿಸಿದ ಮೈಸೂರು ಅರಮನೆಯ ರಾಣಿಯರ ಚಿತ್ರವು ಜನರಲ್ಲಿ ಲಸಿಕೆಯ ಬಗ್ಗೆ ನಂಬಿಕೆ ಹುಟ್ಟಿಸಲೆಂದೇ ರಚಿತವಾದದ್ದು ಎಂದು ಇತಿಹಾಸಕಾರರು ಈಚಿನ ವರ್ಷಗಳಲ್ಲಿ ವಾದಿಸಿದ್ದಾರೆ. ಒಬ್ಬ ರಾಣಿ ಸೆರಗು ಸರಿಸಿ ತೋಳಿನತ್ತ ಕೈ ತೋರುವ ಭಂಗಿ ಆ ವಾದಕ್ಕೆ ಆಧಾರ. ಇದನ್ನು ಊರಿನ ಹೆಮ್ಮೆಗಾಗಿ ಹೇಳಿ ಬಿಟ್ಟಿದ್ದರೆ ಅದೊಂದು ಅಲಂಕಾರವಾಗಿ ಉಳಿಯುತ್ತಿತ್ತು. ಪ್ರಾಧ್ಯಾಪಕರು ಅಲ್ಲಿಂದ ನೇರವಾಗಿ ವಿಷಯಕ್ಕೆ ಬಂದರು: ರಾಣಿಯರ ತೋಳಿನ ಮೇಲೆ ಲಸಿಕೆ ಕೆಲಸ ಮಾಡುತ್ತಿದ್ದಾಗ ಅದು ಏಕೆ ಕೆಲಸ ಮಾಡುತ್ತದೆಂದು ಹೇಳಬಲ್ಲ ಒಂದೇ ಒಂದು ಸಿದ್ಧಾಂತವೂ ಭೂಮಿಯ ಮೇಲಿರಲಿಲ್ಲ, ಇನ್ನೂ ಸುಮಾರು ಎಂಬತ್ತು ವರ್ಷ ಇರಲೂ ಇಲ್ಲ.

ಮೊದಲ ಸಿದ್ಧಾಂತಕಾರ ಇಲ್ಯಾ ಮೆಚ್ನಿಕಾಫ್‌ಗೆ ಇಲ್ಲಿ ದೊರೆತದ್ದು ಇಪ್ಪತ್ತು ನಿಮಿಷ, ಇದು ಅನ್ಯಾಯ. 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಆತ ನಕ್ಷತ್ರಮೀನಿನ ಪಾರದರ್ಶಕ ಲಾರ್ವಾದೊಳಗೆ ಗುಲಾಬಿ ಗಿಡದ ಮುಳ್ಳು ಚುಚ್ಚಿದಾಗ, ಮರುದಿನ ಬೆಳಿಗ್ಗೆಯ ಹೊತ್ತಿಗೆ ಚಲಿಸುವ ಜೀವಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ರಕ್ಷಣೆಯ ಕೆಲಸ ಭಕ್ಷಕ ಕೋಶಗಳದ್ದು ಎಂಬ ಆತನ ವಾದವನ್ನು, 1890ರಲ್ಲಿ ಬೆಹ್ರಿಂಗ್ ಮತ್ತು ಕಿಟಸಾಟೊ ರಕ್ತದ ಕೋಶರಹಿತ ದ್ರವವಾದ ಸೀರಮ್‌ನಲ್ಲೇ ಧನುರ್ವಾಯು ಹಾಗೂ ಡಿಫ್ತೀರಿಯಾದ ವಿಷಗಳನ್ನು ಅಡಗಿಸುವ ದ್ರವ್ಯವಿದೆಯೆಂದು ತೋರಿಸಿದ ಮೇಲೆ, ಬಹುಕಾಲ ಬದಿಗೆ ಸರಿಸಲಾಯಿತು. 1908ರ ನೊಬೆಲ್ ಪ್ರಶಸ್ತಿಯನ್ನು ಮೆಚ್ನಿಕಾಫ್ ಮತ್ತು ಪಾಲ್ ಎರ್ಲಿಕ್ ಇಬ್ಬರಿಗೂ ಹಂಚಿದ್ದು ಎರಡು ಬಣಗಳ ನಡುವಿನ ರಾಜಿಯಂತೆಯೇ ಕಾಣುತ್ತದೆ. ಭಕ್ಷಕ ಕೋಶಗಳ ಕಥೆ ಶತಮಾನದ ಕೊನೆಯಲ್ಲಿ ಮತ್ತೆ ಮುಂಚೂಣಿಗೆ ಬರುವುದರಿಂದ, ಬೀಜವನ್ನು ಇಲ್ಲಿಯೇ ಗಟ್ಟಿಯಾಗಿ ಊರಬೇಕಿತ್ತು.

ಎರ್ಲಿಕ್‌ನ ಪಾಠ ಹಾಗಲ್ಲ. ಅದು ನಿಧಾನವಾಗಿ, ತೃಪ್ತಿಯಾಗುವಂತೆ ನಡೆಯಿತು. ಜೀವಕೋಶದ ಮೇಲ್ಮೈಯಲ್ಲಿ ಬಗೆಬಗೆಯ ಪಾರ್ಶ್ವ ಸರಪಳಿಗಳಿರುತ್ತವೆ, ವಿಷವು ತನಗೆ ಹೊಂದುವ ಸರಪಳಿಗೆ ಅಂಟಿಕೊಳ್ಳುತ್ತದೆ, ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಕೋಶವು ಅದೇ ಸರಪಳಿಯನ್ನು ಅಗತ್ಯಕ್ಕಿಂತ ಹೆಚ್ಚಾಗಿ ತಯಾರಿಸುತ್ತದೆ, ಹೆಚ್ಚಾದದ್ದು ಕಳಚಿ ರಕ್ತಕ್ಕೆ ಬಂದರೆ ಅದೇ ಪ್ರತಿಕಾಯ. 1900ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಉಪನ್ಯಾಸದಲ್ಲಿ ಎರ್ಲಿಕ್ ಇದನ್ನು ಚಿತ್ರ ಬಿಡಿಸಿ ವಿವರಿಸಿದ. ಅಣುಗಳನ್ನು ಕಣ್ಣಾರೆ ಕಂಡವರೇ ಇಲ್ಲದ ಕಾಲದಲ್ಲಿ ಕೋಶದ ಮೈಮೇಲಿನ ಗ್ರಾಹಕಗಳನ್ನು ಹೀಗೆ ಊಹಿಸಿದ್ದು ಅಸಾಮಾನ್ಯ ಸಂಗತಿ. ಎರಡನೆಯ ಪ್ರಶ್ನೆಯನ್ನೂ ಮೊದಲು ಸ್ಪಷ್ಟವಾಗಿ ಕೇಳಿದವನು ಅವನೇ. ಬೇರೆ ಆಡುಗಳ ರಕ್ತವನ್ನು ಒಂದು ಆಡಿಗೆ ಚುಚ್ಚಿದರೆ ಅದು ಆ ಕೆಂಪು ರಕ್ತಕಣಗಳ ವಿರುದ್ಧ ಪ್ರತಿಕಾಯ ತಯಾರಿಸುತ್ತಿತ್ತು, ತನ್ನ ರಕ್ತಕಣಗಳ ವಿರುದ್ಧ ಮಾತ್ರ ಇಲ್ಲ. ದೇಹವು ತನ್ನನ್ನು ತಾನೇ ವಿಷವಾಗಿಸಿಕೊಳ್ಳಲು ಅಂಜುತ್ತದೆ ಎಂಬ ಅರ್ಥದಲ್ಲಿ ಆತ ಇದಕ್ಕೊಂದು ಲ್ಯಾಟಿನ್ ಹೆಸರಿಟ್ಟ. ಆದರೆ 1904ರಲ್ಲೇ ಡೊನಾತ್ ಮತ್ತು ಲ್ಯಾಂಡ್‌ಸ್ಟೈನರ್, ಚಳಿಗೆ ಮೈಯೊಡ್ಡಿದಾಗ ಮೂತ್ರ ಕೆಂಪಾಗುವ ಒಂದು ಕಾಯಿಲೆಯಲ್ಲಿ ರೋಗಿಯ ಸ್ವಂತ ಪ್ರತಿಕಾಯವೇ ಅವನ ರಕ್ತಕಣಗಳನ್ನು ಒಡೆಯುತ್ತದೆಂದು ತೋರಿಸಿದರು. ಅಂಜಿಕೆಯಿದ್ದರೂ ಅದು ಮೀರಲಾಗದ ನಿಯಮವಲ್ಲವೆಂದು ಆಗಲೇ ತಿಳಿದಿತ್ತು. ವೈದ್ಯಲೋಕ ಅದನ್ನು ಒಪ್ಪಿಕೊಳ್ಳಲು ಮಾತ್ರ ದಶಕಗಳೇ ಹಿಡಿದವು.

ಪಾರ್ಶ್ವ ಸರಪಳಿಯನ್ನು ಕೆಡವಿದವನೂ ಅದೇ ಕಾರ್ಲ್ ಲ್ಯಾಂಡ್‌ಸ್ಟೈನರ್. ಪ್ರಕೃತಿಯಲ್ಲಿ ಎಂದೂ ಇರದಿದ್ದ ಕೃತಕ ರಾಸಾಯನಿಕಗಳನ್ನು ಪ್ರೋಟೀನಿಗೆ ಅಂಟಿಸಿ ಚುಚ್ಚಿದಾಗಲೂ ಪ್ರಾಣಿಗಳು ಅದಕ್ಕೆ ತಕ್ಕ ಪ್ರತಿಕಾಯವನ್ನೇ ತಯಾರಿಸಿದವು. ನಿನ್ನೆ ಪ್ರಯೋಗಶಾಲೆಯಲ್ಲಿ ಹುಟ್ಟಿದ ವಸ್ತುವಿಗೆ ಹೊಂದುವ ಸರಪಳಿಯನ್ನು ದೇಹ ಮುಂಚಿತವಾಗಿ ಏಕೆ ಇಟ್ಟುಕೊಂಡಿರುತ್ತದೆ? ಈ ಪ್ರಶ್ನೆಯ ಒತ್ತಡದಲ್ಲಿ 1930ರಲ್ಲಿ ಬ್ರೈನ್ಲ್ ಮತ್ತು ಹೌರೋವಿಟ್ಸ್, 1940ರಲ್ಲಿ ಲೈನಸ್ ಪಾಲಿಂಗ್ ಅಚ್ಚಿನ ಸಿದ್ಧಾಂತವನ್ನು ಮುಂದಿಟ್ಟರು. ಪಾಲಿಂಗ್ ಪ್ರಕಾರ ಪ್ರತಿಕಾಯಗಳೆಲ್ಲ ಒಂದೇ ಬಗೆಯ ಪ್ರೋಟೀನ್ ಸರಪಳಿಯವು. ಪ್ರತಿಜನಕದ, ಅಂದರೆ ಪ್ರತಿಕಾಯವನ್ನು ಹುಟ್ಟಿಸುವ ಹೊರವಸ್ತುವಿನ, ಮೈಗೆ ಒರಗಿ ಮಡಚಿಕೊಂಡಾಗ ಅದರ ಆಕಾರ ಪಡೆಯುತ್ತವೆ. ಮುಂದೆ ಬಂದ ಆಯ್ಕೆಯ ಸಿದ್ಧಾಂತಕ್ಕೂ ಇದಕ್ಕೂ ಇರುವ ಅಂತರವನ್ನು ಪ್ರಾಧ್ಯಾಪಕರು ದೇವರಾಜ ಅರಸು ರಸ್ತೆಯ ಅಂಗಡಿಗಳನ್ನು ತೋರಿಸಿ ಹೇಳಿದರು: ಒಬ್ಬ ದರ್ಜಿ ಗಿರಾಕಿ ಬಂದ ಮೇಲೆ ಅಳತೆ ತೆಗೆದು ಹೊಲಿಯುತ್ತಾನೆ, ಪಕ್ಕದ ರೆಡಿಮೇಡ್ ಅಂಗಡಿಯವನು ಎಲ್ಲ ಅಳತೆಯ ಅಂಗಿಗಳನ್ನೂ ಮೊದಲೇ ತೂಗುಹಾಕಿರುತ್ತಾನೆ, ಹೊಂದಿದ್ದನ್ನು ಗಿರಾಕಿಯೇ ಎತ್ತಿಕೊಳ್ಳುತ್ತಾನೆ. ಹೋಲಿಕೆ ಸರಳ, ಆದರೆ ಮುಂದಿನ ಎರಡು ವಾರಗಳ ಚರ್ಚೆಯನ್ನು ಅದೇ ಹೊತ್ತಿತು.

ದರ್ಜಿಯ ಸಿದ್ಧಾಂತ ಬಿದ್ದ ಬಗೆಯೇ ಇಡೀ ತರಗತಿಯ ಅತ್ಯುತ್ತಮ ಭಾಗ. ಅಚ್ಚಾದ ಪ್ರತಿಜನಕ ದೇಹದಿಂದ ಕಣ್ಮರೆಯಾದ ಮೇಲೂ ಪ್ರತಿಕಾಯಗಳ ತಯಾರಿಕೆ ಏಕೆ ಮುಂದುವರಿಯುತ್ತದೆ, ಎರಡನೆಯ ಸಲ ಅದೇ ಪ್ರತಿಜನಕ ಬಂದಾಗ ಉತ್ತರ ಏಕೆ ಶೀಘ್ರವೂ ಪ್ರಬಲವೂ ಆಗಿರುತ್ತದೆ ಎಂಬುದಕ್ಕೆ ಪಾಲಿಂಗ್ ಬಳಿ ಉತ್ತರವಿರಲಿಲ್ಲ. ನಿರ್ಣಾಯಕ ಪೆಟ್ಟು 1964ರಲ್ಲಿ ಬಿತ್ತು. ಎಡ್ಗರ್ ಹೇಬರ್ ಪ್ರತಿಕಾಯದ ತುಣುಕೊಂದರ ಮಡಿಕೆಗಳನ್ನೆಲ್ಲ ರಾಸಾಯನಿಕವಾಗಿ ಬಿಚ್ಚಿ, ಪ್ರತಿಜನಕವೇ ಇಲ್ಲದೆಡೆ ಅದನ್ನು ಮತ್ತೆ ಮಡಚಿಕೊಳ್ಳಲು ಬಿಟ್ಟಾಗ, ಅದು ಹಳೆಯ ಪ್ರತಿಜನಕವನ್ನು ಗುರುತಿಸುವ ಗುಣವನ್ನು ಮರಳಿ ಪಡೆಯಿತು. ಆಕಾರ ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳ ಕ್ರಮದಲ್ಲಿಯೇ ಬರೆದಿದ್ದರೆ ಅಚ್ಚಿಗೆ ಕೆಲಸವೇ ಇಲ್ಲ. ಪಾಲಿಂಗ್‌ನಂಥ ರಸಾಯನವಿಜ್ಞಾನಿಯ ಊಹೆಯನ್ನು ರಸಾಯನಶಾಸ್ತ್ರದ ಪ್ರಯೋಗವೇ ಕೆಡವಿದ್ದನ್ನು ಹಂತಹಂತವಾಗಿ ಕೇಳಿದ ಮೇಲೆ, ‘ಸಿದ್ಧಾಂತ ತಪ್ಪು’ ಎಂದರೇನು ಎಂಬುದು ಮೊದಲ ಬೆಂಚಿನ ಬಿ.ಎಸ್ಸಿ. ಹುಡುಗರಿಗೆ ಪಠ್ಯಪುಸ್ತಕದಲ್ಲಿ ಓದಿದ್ದಕ್ಕಿಂತ ಚೆನ್ನಾಗಿ ತಿಳಿದಿರಬೇಕು.

ಅಷ್ಟರಲ್ಲಿ ಆಯ್ಕೆಯ ಸಿದ್ಧಾಂತ ಬಂದಾಗಿತ್ತು. ನೀಲ್ಸ್ ಜೆರ್ನ 1955ರಲ್ಲಿ, ಪ್ರತಿಕಾಯಗಳು ಮೊದಲೇ ರಕ್ತದಲ್ಲಿರುತ್ತವೆ, ಪ್ರತಿಜನಕ ತನಗೆ ಹೊಂದುವುದನ್ನು ಆರಿಸಿ ಕೋಶಕ್ಕೆ ಒಯ್ಯುತ್ತದೆ, ಕೋಶ ಅದರ ಪ್ರತಿಗಳನ್ನು ತೆಗೆಯುತ್ತದೆ ಎಂದ. ಆದರೆ ಪ್ರೋಟೀನನ್ನು ನೋಡಿ ಪ್ರೋಟೀನು ತಯಾರಿಸುವ ಯಂತ್ರ ಕೋಶದಲ್ಲಿಲ್ಲ. 1957ರಲ್ಲಿ ಮೆಲ್ಬರ್ನಿನ ಮ್ಯಾಕ್‌ಫರ್ಲೇನ್ ಬರ್ನೆಟ್ ಮತ್ತು ಅಮೆರಿಕದ ಡೇವಿಡ್ ಟಾಲ್‌ಮೇಜ್ ಬೇರೆಬೇರೆಯಾಗಿ ಆ ದೋಷವನ್ನು ಸರಿಪಡಿಸಿದರು: ಪ್ರತಿಜನಕ ಆರಿಸುವುದು ಪ್ರತಿಕಾಯವನ್ನಲ್ಲ, ಅದನ್ನು ಮೈಮೇಲೆ ಹೊತ್ತ ಕೋಶವನ್ನು. ಆಯ್ಕೆಯಾದ ಕೋಶ ವಿಭಜನೆಗೊಂಡು ತನ್ನದೇ ಸಂತತಿ, ಅಂದರೆ ಕ್ಲೋನ್, ಬೆಳೆಸುತ್ತದೆ. ಆ ಸಂತತಿಯಲ್ಲಿ ಉಳಿದವೇ ನೆನಪು. ಬರ್ನೆಟ್ ಇದನ್ನು ಪ್ರಕಟಿಸಿದ್ದು ದೊಡ್ಡ ಪತ್ರಿಕೆಯಲ್ಲಲ್ಲ, ಪ್ರಸಾರ ಕಡಿಮೆಯಿದ್ದ ಆಸ್ಟ್ರೇಲಿಯಾದ ಒಂದು ವಿಜ್ಞಾನ ಪತ್ರಿಕೆಯಲ್ಲಿ. ಈ ಕ್ಲೋನ್ ಆಯ್ಕೆ ಸಿದ್ಧಾಂತ ಒಂದು ಸಂಗತಿಯನ್ನು ಖಡಾಖಂಡಿತವಾಗಿ ನಿಷೇಧಿಸುತ್ತದೆ: ಒಂದು ಕೋಶ ಎರಡು ಬಗೆಯ ಪ್ರತಿಕಾಯ ತಯಾರಿಸಕೂಡದು. ಮರುವರ್ಷವೇ ಗಸ್ಟಾವ್ ನೊಸ್ಸಾಲ್ ಮತ್ತು ಜೋಶುವಾ ಲೆಡರ್‌ಬರ್ಗ್, ಎರಡು ಬಗೆಯ ಸಾಲ್ಮೊನೆಲ್ಲಾ ಚುಚ್ಚಿದ ಇಲಿಗಳಿಂದ ಒಂದೊಂದೇ ಕೋಶವನ್ನು ಸೂಕ್ಷ್ಮ ಹನಿಯಲ್ಲಿ ಬೇರ್ಪಡಿಸಿ ನೋಡಿದರು. ಪ್ರತಿ ಕೋಶವೂ ಒಂದೇ ಬಗೆಯ ಪ್ರತಿಕಾಯವನ್ನು ತಯಾರಿಸುತ್ತಿತ್ತು.

ಸ್ವಂತದ ಮೇಲೆ ದಾಳಿ ಏಕಿಲ್ಲ ಎಂಬುದಕ್ಕೆ ಬರ್ನೆಟ್ ಕೊಟ್ಟ ಉತ್ತರ, ಅಂಥ ಕೋಶಗಳು ಜೀವಿಯ ಬೆಳವಣಿಗೆಯ ಆರಂಭದಲ್ಲೇ ನಾಶವಾಗುತ್ತವೆ ಎಂಬುದು. ಇದರ ಬೇರು ದನಗಳಲ್ಲಿದೆ. ರೇ ಓವನ್ 1945ರಲ್ಲಿ, ಗರ್ಭದಲ್ಲಿ ರಕ್ತನಾಳಗಳು ಕೂಡಿಕೊಂಡ ಅವಳಿ ಕರುಗಳು ಒಂದರ ರಕ್ತಕಣಗಳನ್ನು ಇನ್ನೊಂದು ದೊಡ್ಡದಾದ ಮೇಲೂ ತಕರಾರಿಲ್ಲದೆ ಉಳಿಸಿಕೊಂಡಿರುವುದನ್ನು ಕಂಡಿದ್ದ. ಇಲ್ಲಿ ಮಂಡ್ಯದ ಪಶುವೈದ್ಯರು ಎದ್ದುನಿಂತು ಹೇಳಿದ ಮಾತು ಪಾಠಕ್ಕಿಂತ ಹೆಚ್ಚು ಉಪಯುಕ್ತವಾಗಿತ್ತು. ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಗರುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಗೊಡ್ಡಾಗುತ್ತವೆ, ಅದಕ್ಕೂ ಕಾರಣ ಗರ್ಭದಲ್ಲಿ ಹಂಚಿಕೊಂಡ ಅದೇ ರಕ್ತ. ರೈತರಿಗೆ ಇದರ ಫಲ ಗೊತ್ತು, ಕಾರಣ ಗೊತ್ತಿಲ್ಲ ಎಂದರು. “ಡಾಕ್ಟ್ರೇ, ಇದನ್ನ ನೀವು ಮೊದಲನೇ ವಾರವೇ ಹೇಳಬೇಕಾಗಿತ್ತು” ಎಂದು ಪ್ರಾಧ್ಯಾಪಕರು ನಕ್ಕು, ಬಳಪ ಅವರ ಕೈಗೆ ಕೊಟ್ಟು, ಅವಳಿಗಳ ಜರಾಯುವಿನ ಚಿತ್ರ ಬಿಡಿಸಲು ಹೇಳಿದರು. ಓವನ್ನನ ದನಗಳಿಂದ ಪೀಟರ್ ಮೆಡಾವರ್ ತಂಡವು 1953ರಲ್ಲಿ ಇಲಿಮರಿಗಳಲ್ಲಿ ಪರಕೋಶಗಳ ಬಗ್ಗೆ ಕೃತಕವಾಗಿ ಸಹಿಷ್ಣುತೆ ಹುಟ್ಟಿಸಿದ್ದಕ್ಕೂ, ಅಲ್ಲಿಂದ ಬರ್ನೆಟ್ ಮತ್ತು ಮೆಡಾವರ್ ಇಬ್ಬರಿಗೂ 1960ರಲ್ಲಿ ನೊಬೆಲ್ ಬಂದದ್ದಕ್ಕೂ ದಾರಿ ತಾನಾಗಿಯೇ ತೆರೆದುಕೊಂಡಿತು. ಆ ಪ್ರಶಸ್ತಿಯಲ್ಲಿ ಓವನ್ನನ ಹೆಸರಿಲ್ಲ.

ಮೊದಲನೆಯ ಪ್ರಶ್ನೆಗೆ ಲೆಕ್ಕದ ಉತ್ತರ ಸಿಕ್ಕಿದ್ದು ಸುಸುಮು ತೊನೆಗಾವಾನಿಂದ. ಮನುಷ್ಯನ ಒಟ್ಟು ಜೀನುಗಳೇ ಸುಮಾರು ಇಪ್ಪತ್ತು ಸಾವಿರವಿರುವಾಗ, ಪ್ರತಿಕಾಯಕ್ಕೊಂದರಂತೆ ಜೀನು ಇಟ್ಟುಕೊಳ್ಳಲು ಜಾಗವಿಲ್ಲ. 1976ರಲ್ಲಿ ಹೊಜುಮಿಯೊಡನೆ ಆತ ಇಲಿಯ ಭ್ರೂಣದ ಡಿಎನ್‌ಎಯನ್ನು ಪ್ರತಿಕಾಯ ತಯಾರಿಸುವ ಗಡ್ಡೆಕೋಶಗಳ ಡಿಎನ್‌ಎಯೊಂದಿಗೆ ಹೋಲಿಸಿ, ಜೀನಿನ ತುಣುಕುಗಳು ಸ್ಥಳ ಬದಲಿಸಿ ಕೂಡಿಕೊಂಡಿರುವುದನ್ನು ತೋರಿಸಿದ. 1987ರ ನೊಬೆಲ್ ಅದಕ್ಕೇ. ಗಣಿತದ ಅಧ್ಯಾಪಕಿ ಹಲಗೆಯ ಮೇಲೆ ಮಾಡಿದ ಗುಣಾಕಾರ ಸೊಗಸಾಗಿತ್ತು. ಪ್ರತಿ ಪ್ರತಿಕಾಯದಲ್ಲೂ ಭಾರ, ಹಗುರ ಎಂಬ ಎರಡು ಬಗೆಯ ಪ್ರೋಟೀನ್ ಸರಪಳಿಗಳಿರುತ್ತವೆ. ಮನುಷ್ಯನ ಭಾರ ಸರಪಳಿಗೆ ಉಪಯೋಗಕ್ಕೆ ಬರುವ ಸುಮಾರು 40 ವಿ, 23 ಡಿ, 6 ಜೆ ಎಂಬ ಜೀನಿನ ತುಣುಕುಗಳಿಂದ 5,500ರಷ್ಟು ಜೋಡಣೆ. ಹಗುರ ಸರಪಳಿಯ ಮುನ್ನೂರು ಚಿಲ್ಲರೆ ಜೋಡಣೆಗಳೊಂದಿಗೆ ಗುಣಿಸಿದರೆ 17 ಲಕ್ಷದ ಹತ್ತಿರ. ತುಣುಕುಗಳು ಕೂಡುವ ಜಾಗದಲ್ಲಿ ಡಿಎನ್‌ಎಯ ಅಕ್ಷರಗಳು ಯಾದೃಚ್ಛಿಕವಾಗಿ ಸೇರುವುದರಿಂದ ಆ ಸಂಖ್ಯೆ ಮತ್ತೆ ಕೋಟಿಗಟ್ಟಲೆ ಬೆಳೆಯುತ್ತದೆ. ಲ್ಯಾಂಡ್‌ಸ್ಟೈನರನ ಕೃತಕ ರಾಸಾಯನಿಕಕ್ಕೂ ಹೊಂದುವ ಅಂಗಿ ಅಂಗಡಿಯಲ್ಲಿ ಏಕಿರುತ್ತದೆ ಎಂಬುದು ಅಲ್ಲಿಗೆ ಇತ್ಯರ್ಥವಾಯಿತು.

ಇಲ್ಲಿಯವರೆಗೆ ಹೊಗಳಿಕೆಗೆ ಅರ್ಹವಾದ ಪಾಠ, ಜೆರ್ನನ ಜಾಲ ಸಿದ್ಧಾಂತದ ದಿನ ತನ್ನ ಮಾನದಂಡವನ್ನೇ ಮರೆಯಿತು. 1974ರಲ್ಲಿ ಜೆರ್ನ ಹೇಳಿದ್ದಿಷ್ಟು: ಪ್ರತಿ ಪ್ರತಿಕಾಯದ ತುದಿಯೂ ಒಂದು ವಿಶಿಷ್ಟ ಆಕಾರವಾದ್ದರಿಂದ ಅದನ್ನು ಗುರುತಿಸುವ ಇನ್ನೊಂದು ಪ್ರತಿಕಾಯ ದೇಹದಲ್ಲೇ ಇರಬೇಕು, ಅದನ್ನು ಗುರುತಿಸುವ ಮತ್ತೊಂದೂ ಇರಬೇಕು, ಹೀಗೆ ಇಡೀ ವ್ಯವಸ್ಥೆ ತನ್ನೊಳಗೇ ಪರಸ್ಪರ ತೂಗಿಕೊಂಡ ಜಾಲ, ಹೊರಗಿನ ರೋಗಾಣು ಅದನ್ನು ಕದಡುವ ನಿಮಿತ್ತವಷ್ಟೆ. ಪ್ರಾಧ್ಯಾಪಕರಿಗೆ ಇದರ ಮೇಲೆ ಮೋಹವಿದೆ. ಇಡೀ ಮಧ್ಯಾಹ್ನವನ್ನು ಇದಕ್ಕೇ ಕೊಟ್ಟು, 1984ರ ನೊಬೆಲ್ ಪ್ರಶಸ್ತಿಯನ್ನು ಅದರ ಗೆಲುವಿನ ಸಾಕ್ಷಿಯೆಂಬಂತೆ ಮಂಡಿಸಿದರು. ಪ್ರತಿಕಾಯದ ವಿರುದ್ಧದ ಪ್ರತಿಕಾಯಗಳು ನಿಜವಾಗಿಯೂ ಕಂಡುಬಂದಿವೆ, ಅದರಲ್ಲಿ ವಿವಾದವಿಲ್ಲ. ಅವು ವ್ಯವಸ್ಥೆಯನ್ನು ನಿಯಂತ್ರಿಸುತ್ತವೆ ಎಂಬುದೇ ಸಿದ್ಧಾಂತದ ಜೀವಾಳ, ಅದು ಸಾಬೀತಾಗಲಿಲ್ಲ. ಜೀನುಗಳನ್ನೂ ಟಿ ಕೋಶದ (ರಕ್ಷಣೆಯ ಒಂದು ಬಗೆಯ ಬಿಳಿ ರಕ್ತಕಣದ) ಗ್ರಾಹಕವನ್ನೂ ನೇರವಾಗಿ ಅಧ್ಯಯನ ಮಾಡಲು ಸಾಧ್ಯವಾದ ಮೇಲೆ, ಎಂಬತ್ತರ ದಶಕ ಮುಗಿಯುವಷ್ಟರಲ್ಲಿ ಹೆಚ್ಚಿನ ಸಂಶೋಧಕರು ಜಾಲವನ್ನು ಬಿಟ್ಟು ಹೋದರು. ಯಾವ ಫಲಿತಾಂಶ ಬಂದರೆ ಈ ಸಿದ್ಧಾಂತ ಬೀಳುತ್ತದೆ ಎಂದು ನಾನು ಅವರದೇ ಪ್ರಶ್ನೆಯನ್ನು ಅವರಿಗೆ ಕೇಳಿದಾಗ, ಅದರ ಸೌಂದರ್ಯದ ಕುರಿತು ಇನ್ನೊಂದು ವಿವರಣೆ ಬಂತು. ಯಾವ ಫಲಿತಾಂಶಕ್ಕೂ ಹೊಂದಿಕೊಳ್ಳಬಲ್ಲ ಸಿದ್ಧಾಂತವನ್ನು ಬರ್ನೆಟ್‌ನ ಸಿದ್ಧಾಂತದ ಸಾಲಿನಲ್ಲಿ ಕೂರಿಸುವುದು, ಹಿಂದಿನ ವಾರಗಳಲ್ಲಿ ಅವರೇ ಕಲಿಸಿದ ಶಿಸ್ತಿಗೆ ಹೊಂದುವುದಿಲ್ಲ.

ಇತರ ಕೋಶಗಳ ಪ್ರತಿಕ್ರಿಯೆಯನ್ನು ತಡೆಹಿಡಿಯುವ ನಿಗ್ರಾಹಕ ಟಿ ಕೋಶಗಳ ಪ್ರಕರಣದಲ್ಲಿ ತರಗತಿ ಚೇತರಿಸಿಕೊಂಡಿತು. 1970ರಲ್ಲಿ ಗರ್ಶನ್ ಮುಂದಿಟ್ಟ ಆ ಕಲ್ಪನೆಯ ಸುತ್ತ ದೊಡ್ಡ ಸಂಶೋಧನಾ ಸಾಹಿತ್ಯವೇ ಬೆಳೆದಿತ್ತು. ಆ ಕೋಶಗಳ ಗುರುತೆಂದು ನಂಬಲಾದ ಜೀನಿಗೆ ವರ್ಣತಂತುವಿನಲ್ಲಿ ಅದು ಇರಬೇಕಾಗಿದ್ದ ಭಾಗದಲ್ಲಿ ಜಾಗವೇ ಇಲ್ಲವೆಂದು ಎಂಬತ್ತರ ದಶಕದ ಆರಂಭದಲ್ಲಿ ತಿಳಿದಾಗ ಇಡೀ ಕ್ಷೇತ್ರ ಕುಸಿಯಿತು. ಆದರೂ ಶಿಮೊನ್ ಸಕಾಗುಚಿ ಪಟ್ಟು ಬಿಡದೆ, 1995ರಲ್ಲಿ ಸಿಡಿ25 ಎಂಬ ಗುರುತು ಹೊತ್ತ ಟಿ ಕೋಶಗಳಿಲ್ಲದ ಇಲಿಗಳಲ್ಲಿ ದೇಹ ತನ್ನದೇ ಅಂಗಗಳ ಮೇಲೆ ಎರಗುತ್ತದೆಂದು ತೋರಿಸಿದ. 2001ರಲ್ಲಿ ಮೇರಿ ಬ್ರಂಕೊ ಮತ್ತು ಫ್ರೆಡ್ ರಾಮ್ಸ್‌ಡೆಲ್ ಇಂಥದೇ ಕಾಯಿಲೆಯ ಇಲಿಗಳಲ್ಲಿ, ಕೆಟ್ಟರೆ ಆ ಕಾಯಿಲೆ ತರುವ ಫಾಕ್ಸ್‌ಪಿ3 ಜೀನನ್ನು ಗುರುತಿಸಿದರು. ಮೂವರಿಗೂ 2025ರ ನೊಬೆಲ್ ಸಂದಿತು. ಕೆಟ್ಟ ಪುರಾವೆಯ ಮೇಲೆ ನಿಂತ ಒಳ್ಳೆಯ ಊಹೆ ಎಂಬ ವರ್ಗವೊಂದಿದೆ ಎಂಬುದು ಇಲ್ಲಿ ಮನದಟ್ಟಾಯಿತು.

ಮುಂದಿನ ಜೋಡಿ ಚಾರ್ಲ್ಸ್ ಜೇನ್‌ವೇ ಮತ್ತು ಪಾಲಿ ಮ್ಯಾಟ್ಜಿಂಗರ್ ಅವರದು. ಶುದ್ಧ ಪ್ರೋಟೀನನ್ನು ಚುಚ್ಚಿದರೆ ದೇಹ ಬಹುಮಟ್ಟಿಗೆ ಸುಮ್ಮನಿರುತ್ತದೆ, ಅಲ್ಯುಮಿನಿಯಂ ಲವಣವನ್ನೋ ಸತ್ತ ಬ್ಯಾಕ್ಟೀರಿಯಾವನ್ನೋ ಬೆರೆಸಿದರೆ ಮಾತ್ರ ಎಚ್ಚೆತ್ತುಕೊಳ್ಳುತ್ತದೆ. ಲಸಿಕೆ ತಯಾರಕರೆಲ್ಲರಿಗೂ ಗೊತ್ತಿದ್ದ ಈ ಸಂಗತಿಯನ್ನು ಜೇನ್‌ವೇ 1989ರಲ್ಲಿ, ಇದು ನಮ್ಮ ಕ್ಷೇತ್ರದ ನಾಚಿಕೆಯ ಗುಟ್ಟು ಎಂಬರ್ಥದಲ್ಲಿ ಬಯಲಿಗಿಟ್ಟ. ರೋಗಾಣುಗಳಲ್ಲಿ ಸಾಮಾನ್ಯವಾದ ಅಣುವಿನ್ಯಾಸಗಳನ್ನು ಗುರುತಿಸುವ ಗ್ರಾಹಕಗಳು ಭಕ್ಷಕ ಕೋಶಗಳಂಥವುಗಳಲ್ಲಿ ಇರಲೇಬೇಕು ಎಂಬುದು ಆತನ ಭವಿಷ್ಯವಾಣಿ. 1996ರಲ್ಲಿ ಹಣ್ಣಿನ ನೊಣದ ಟೋಲ್ ಜೀನು ಕೆಟ್ಟರೆ ನೊಣ ಶಿಲೀಂಧ್ರಕ್ಕೆ ಬಲಿಯಾಗುತ್ತದೆಂದು ಲೆಮೇತ್ರ್ ಮತ್ತು ಹಾಫ್‌ಮನ್, 1998ರಲ್ಲಿ ಬ್ಯಾಕ್ಟೀರಿಯಾದ ವಿಷಕ್ಕೆ ಇಲಿಯ ಗ್ರಾಹಕ, ಟೋಲ್ ಅನ್ನೇ ಹೋಲುವ ಟಿಎಲ್‌ಆರ್4 ಎಂದು ಬ್ಯೂಟ್ಲರ್ ತಂಡ ತೋರಿಸಿ ಅದನ್ನು ನಿಜವಾಗಿಸಿದರು. 2011ರ ನೊಬೆಲ್ ಬರುವ ಹೊತ್ತಿಗೆ ಜೇನ್‌ವೇ ತೀರಿಹೋಗಿ ಎಂಟು ವರ್ಷವಾಗಿತ್ತು. ಮ್ಯಾಟ್ಜಿಂಗರ್ 1994ರಲ್ಲಿ ಬೇರೆಯದೇ ದಾರಿ ಹಿಡಿದಳು: ತನ್ನದೋ ಪರರದೋ ಎಂಬುದು ದೇಹಕ್ಕೆ ಮುಖ್ಯವಲ್ಲ, ಹಾನಿಯಾಗಿದೆಯೋ ಇಲ್ಲವೋ ಎಂಬುದು ಮುಖ್ಯ. ತಂದೆಯ ಅರ್ಧ ಜೀನುಗಳನ್ನು ಹೊತ್ತ ಭ್ರೂಣವನ್ನು ತಾಯಿಯ ದೇಹ ಹೊರದೂಡುವುದಿಲ್ಲ, ದಿನವೂ ಉಣ್ಣುವ ಅನ್ನದ ಮೇಲೆ ಯುದ್ಧ ಸಾರುವುದಿಲ್ಲ. ಈ ಭಾಗವನ್ನು ಔಷಧ ಅಂಗಡಿಯ ಯುವಕನೊಬ್ಬ ಮತ್ತು ಪಶುವೈದ್ಯರ ನಡುವೆ ವಾದಕ್ಕಿಟ್ಟದ್ದು ಒಳ್ಳೆಯ ಯೋಜನೆ. ‘ಅಪಾಯ’ವೆಂದರೆ ದೇಹ ಪ್ರತಿಕ್ರಿಯಿಸುವಂಥದ್ದು, ದೇಹ ಪ್ರತಿಕ್ರಿಯಿಸುವುದು ಅಪಾಯಕ್ಕೆ ಎಂದರೆ ವಾದ ಸುತ್ತಿ ಬಂದ ಜಾಗಕ್ಕೇ ಬರುತ್ತದೆ, ಅಪಾಯದ ಅಣುಗಳನ್ನು ಮೊದಲೇ ಹೆಸರಿಸಬೇಕು ಎಂದ ಆ ಯುವಕನ ಆಕ್ಷೇಪಕ್ಕೆ ಉತ್ತರವಾಗಿ, ಸಾಯುವ ಕೋಶಗಳಿಂದ ಹೊರಬರುವ ಯೂರಿಕ್ ಆಮ್ಲ ಅಂಥದೊಂದು ಸಂಕೇತವೆಂದು 2003ರಲ್ಲಿ ಪತ್ತೆಯಾದದ್ದನ್ನು ಹೇಳಬಹುದಿತ್ತು. ಯಾರೂ ಹೇಳಲಿಲ್ಲ.

ನನ್ನ ದೊಡ್ಡ ತಕರಾರು ಗಣಿತ ಮಾದರಿಗಳ ಬಗ್ಗೆ. ಬ್ಯಾನರಿನಲ್ಲಿ ಅವಕ್ಕೂ ಸಮಪಾಲು ಎಂದಿದ್ದರೂ, ಅವು ಬಂದದ್ದು ಕೊನೆಯ ದಿನದ ಕೊನೆಯ ಹದಿನೈದು ನಿಮಿಷಗಳಲ್ಲಿ, ಮಂಡ್ಯದ ಕಡೆಯವರು ರೈಲಿಗಾಗಿ ಚೀಲ ಎತ್ತಿಕೊಂಡು ಹೊರಟಿದ್ದಾಗ. ಅಮೆರಿಕದ ಅಲನ್ ಪರೆಲ್ಸನ್ ಅವರ ಎಚ್‌ಐವಿ ಮಾದರಿ ಈ ವಿಷಯದಲ್ಲೇ ಅತಿ ಫಲಕಾರಿಯಾದ ಸೈದ್ಧಾಂತಿಕ ಕೆಲಸಗಳಲ್ಲಿ ಒಂದು. ಸೋಂಕು ತಗಲಿ ವರ್ಷಗಳಾದರೂ ರಕ್ತದಲ್ಲಿ ವೈರಸ್ಸಿನ ಪ್ರಮಾಣ ಹೆಚ್ಚುಕಡಿಮೆ ಸ್ಥಿರವಾಗಿರುವುದನ್ನು ಕಂಡು, ವೈರಸ್ಸು ಬಹುಪಾಲು ಮಲಗಿದೆ ಎಂದು ಅನೇಕರು ತಿಳಿದಿದ್ದರು. ಆದರೆ ಹುಟ್ಟುವ ದರ ಮತ್ತು ನಾಶದ ದರ ಎರಡೂ ನಿಧಾನವಿದ್ದರೂ, ಎರಡೂ ಅತಿವೇಗದವಾಗಿದ್ದರೂ ಪ್ರಮಾಣ ಸ್ಥಿರವಾಗಿಯೇ ಕಾಣುತ್ತದೆ. ಎರಡನ್ನೂ ಬೇರ್ಪಡಿಸಲು ಇರುವ ಉಪಾಯ ಹುಟ್ಟನ್ನು ತಡೆದು ನೋಡುವುದು. 1995ರಲ್ಲಿ ಹೊಸ ಔಷಧಗಳು ಆ ಕೆಲಸ ಮಾಡಿದಾಗ ವೈರಸ್ ಪ್ರಮಾಣ ದಿನಗಳಲ್ಲೇ ಕುಸಿಯಿತು; ಆ ಕುಸಿತದ ಇಳಿಜಾರನ್ನು ಬದಲಾವಣೆಯ ದರವನ್ನು ಹೇಳುವ ಮೂರು ಅವಕಲ ಸಮೀಕರಣಗಳಿಗೆ ಹೊಂದಿಸಿದ 1996ರ ಲೆಕ್ಕದಲ್ಲಿ, ರಕ್ತದಲ್ಲಿನ ವೈರಸ್ ಕಣದ ಅರ್ಧಾಯು ಸುಮಾರು 6 ಗಂಟೆ, ಸೋಂಕಿತ ಕೋಶದ್ದು ಸುಮಾರು ಒಂದೂವರೆ ದಿನ, ದಿನಕ್ಕೆ ಹುಟ್ಟುವ ಕಣಗಳು ಸಾವಿರ ಕೋಟಿಯಷ್ಟು ಎಂದು ಬಂತು. ನಕಲಿಸುವಾಗ ಅಷ್ಟು ತಪ್ಪುಮಾಡುವ ವೈರಸ್ಸು ದಿನಕ್ಕೆ ಅಷ್ಟು ಕೋಟಿ ಹುಟ್ಟಿದರೆ, ಒಂದೇ ಔಷಧವನ್ನು ಮೀರುವ ರೂಪಾಂತರ ಮೊದಲೇ ಅಲ್ಲಿರುತ್ತದೆ. ಹಲವು ಔಷಧಗಳನ್ನು ಒಟ್ಟಿಗೆ ಕೊಡಬೇಕೆಂಬ ಚಿಕಿತ್ಸಾಕ್ರಮಕ್ಕೆ ಈ ಲೆಕ್ಕ ಬಲವಾದ ಆಧಾರವಾಯಿತು. ಅಧ್ಯಾಪಕಿಗೆ ಇದನ್ನೆಲ್ಲ ಹೇಳುವ ಸಾಮರ್ಥ್ಯವಿದೆಯೆಂಬುದು ತೊನೆಗಾವಾ ದಿನದ ಗುಣಾಕಾರದಿಂದಲೇ ತಿಳಿದಿತ್ತು. ಅವರಿಗೆ ಸಮಯ ಕೊಡಲಿಲ್ಲ, ಅಷ್ಟೆ. ಜಾಲ ಸಿದ್ಧಾಂತದ ಮಧ್ಯಾಹ್ನವನ್ನು ಅರ್ಧಕ್ಕೆ ಇಳಿಸಿದ್ದರೆ ಇದಕ್ಕೆ ಧಾರಾಳವಾಗಿ ಜಾಗ ಸಿಗುತ್ತಿತ್ತು.

ಉಳಿದ ಅನುಕೂಲಗಳನ್ನು ಬೇಗ ಹೇಳಿ ಮುಗಿಸಬಹುದು. ಕೋಣೆಯಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ಬೆಂಚುಗಳು ಮಾತ್ರ ಹದಿನೆಂಟರ ಹುಡುಗರಿಗೆ ಮಾಡಿಸಿದಂಥವು, ಬೆನ್ನುನೋವಿದ್ದವರು ದಿಂಬು ತರುವುದು ಒಳ್ಳೆಯದು. ನಡುವೆ ಕೊಡುವ ಫಿಲ್ಟರ್ ಕಾಫಿ ನಿಜವಾಗಿಯೂ ಚೆನ್ನಾಗಿದೆ. ದ್ವಿಚಕ್ರ ವಾಹನಕ್ಕೆ ಕೆಳಗೆ ಜಾಗವಿದೆ, ಕಾರಿಗೆ ಇಲ್ಲ. ಪಿಯುಸಿ ಮಟ್ಟದ ಜೀವಶಾಸ್ತ್ರ ನೆನಪಿರುವವರಿಗೆ ಪಾಠ ಕಷ್ಟವೆನಿಸದು. ‘ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳುವುದು ಹೇಗೆ’ ಎಂಬ ಸಲಹೆ ಬೇಕಾದವರಿಗೆ ಇಲ್ಲೇನೂ ಸಿಗದು, ಸಿಗದಿರುವುದೇ ಸರಿ. ಇತ್ತೀಚೆಗೆ ಈ ಹೆಸರಿನಲ್ಲಿ ಮಾರುವವರ ಎದುರು, ಯಾವ ಕೋಶವನ್ನು, ಎಷ್ಟು, ಯಾವುದರ ವಿರುದ್ಧ ಹೆಚ್ಚಿಸುತ್ತೀರಿ ಎಂದು ಕೇಳಬಲ್ಲ ತಿಳಿವಳಿಕೆ ಈ ತರಗತಿಯಿಂದ ಬರುತ್ತದೆ.

ಪ್ರತ್ಯೇಕವಾಗಿ 150 ರೂಪಾಯಿಗೆ ಕೊಡುವ ಮುದ್ರಿತ ಟಿಪ್ಪಣಿಯ ಬಗ್ಗೆ ಒಂದು ಎಚ್ಚರಿಕೆ ಬೇಕು. ಚಿತ್ರಗಳು ಅಚ್ಚುಕಟ್ಟಾಗಿವೆ, ಪಾರಿಭಾಷಿಕ ಪದಗಳ ಪಟ್ಟಿ ಬಹಳ ಉಪಯೋಗಕ್ಕೆ ಬರುತ್ತದೆ. ಆದರೆ ಓವನ್ನನ ದನಗಳ ಸಂಶೋಧನೆಯನ್ನು 1954 ಎಂದು ಮುದ್ರಿಸಿರುವುದರಿಂದ ಅದು ಮೆಡಾವರನ ಇಲಿಗಳ ನಂತರ ನಡೆದಂತೆ ಕಾಣುತ್ತದೆ, ಕಾರ್ಯಕಾರಣವೇ ತಲೆಕೆಳಗಾಗುತ್ತದೆ. ಎಚ್‌ಐವಿ ಮಾದರಿಯ ಪುಟದಲ್ಲಿ ವೈರಸ್ ನಾಶದ ಪದದ ಮುಂದೆ ಋಣಚಿಹ್ನೆ ಬಿಟ್ಟುಹೋಗಿದೆ. ಹಾಗೆಯೇ ಬಿಡಿಸಿದರೆ ಔಷಧ ಕೊಟ್ಟ ಮೇಲೆ ವೈರಸ್ಸು ಏರುತ್ತಲೇ ಹೋಗುತ್ತದೆ. ಎರಡನ್ನೂ ಗುರುತು ಹಾಕಿ ಅಧ್ಯಾಪಕಿಗೆ ಕೊಟ್ಟಿದ್ದೇನೆ. ಮುಂದಿನ ತಂಡಕ್ಕೆ ತಿದ್ದಿದ ಪ್ರತಿ ಕೊಡುವುದಾಗಿಯೂ, ಗಣಿತಕ್ಕೆ ಒಂದು ಪೂರ್ತಿ ಭಾನುವಾರ ಕೇಳುವುದಾಗಿಯೂ ಅವರು ಹೇಳಿದ್ದಾರೆ. ಸೇರುವವರು ಹಣ ಕಟ್ಟುವ ಮೊದಲು ಆ ಭಾನುವಾರ ವೇಳಾಪಟ್ಟಿಯಲ್ಲಿ ಇದೆಯೇ ಎಂದು ಕೇಳಿಕೊಳ್ಳಲಿ.